ಪಾತಾಳಗರಡಿಗೆ ಅಡವಿಟ್ಟ ಚೊಂಬು

ಅಮ್ಮಣ್ಣಿಯವರ ಸಿಟ್ಟಿಗೂ ವೇಲಚೇರಿಯ ಮಳೆನೀರಿಗೂ ಒಂದೇ ಗುಣ. ಯಾವ ಸಂದಿಯಿಂದ ನುಗ್ಗಿತು ಎಂದು ಯಾರಿಗೂ ತಿಳಿಯುವುದಿಲ್ಲ. ನುಗ್ಗಿದ ಮೇಲೆ ವಾರವಾದರೂ ಇಳಿಯುವುದಿಲ್ಲ. ಇಳಿದರೂ ಗೋಡೆಯ ಮೇಲೆ ಗೆರೆ ಉಳಿಯುತ್ತದೆ. ಅವರ ಯಜಮಾನರು ತಮ್ಮಯ್ಯ, ಅಂಚೆ ಇಲಾಖೆಯಿಂದ ನಿವೃತ್ತರಾದ ಸಾಧು ಮನುಷ್ಯ, ಮೂವತ್ತು ವರ್ಷದಿಂದ ಆ ಗೆರೆಯ ಮಟ್ಟ ನೋಡಿಕೊಂಡೇ ಕಾಫಿ ಕೇಳುತ್ತಾ ಬಂದಿದ್ದಾರೆ. "ಮೊದಲನೇ ಮಹಡಿ ಹಿಡಿದಿದ್ದು ನೀರಿಗೆ ಹೆದರಿ. ಇವಳಿಗೆ ಹೆದರಿ ಹಿಡಿಯೋದಾಗಿದ್ರೆ ಇಪ್ಪತ್ತನೇ ಮಹಡಿ ಬೇಕಾಗ್ತಿತ್ತು" ಎಂದು ಅವರು ಹೇಳುವುದುಂಟು, ಹೆಂಡತಿ ಮನೆಯಲ್ಲಿಲ್ಲದಾಗ.

ತರಕಾರಿಯವನ ತಕ್ಕಡಿ, ಮೇಲಿನ ಮನೆಯ ವಾಷಿಂಗ್ ಮೆಷಿನ್, ಇವೆಲ್ಲ ಅಮ್ಮಣ್ಣಿಯವರ ಚಿಲ್ಲರೆ ಸಿಟ್ಟುಗಳು. ಕಳೆದ ವರ್ಷದ್ದು ಇಡಿಗಂಟು. ಅದು ಇನ್ನೂ ಇಳಿದಿಲ್ಲ, ಇಳಿಯಬೇಕಾದ ಅಗತ್ಯವೂ ನನಗೆ ಕಾಣುವುದಿಲ್ಲ.

ನಂಜನಗೂಡಿನ ಪಕ್ಕದ ಹಳ್ಳಿಯಿಂದ ಮದುವೆಯಾಗಿ ಚೆನ್ನೈಗೆ ಬಂದಾಗ ಅವರಿಗೆ ಇಪ್ಪತ್ತನಾಲ್ಕು. ಕೈಯಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ, ಟ್ರಂಕಿನಲ್ಲಿ ಅಮ್ಮ ಕೊಟ್ಟ ಒಂದು ತಾಮ್ರದ ಚೊಂಬು. ಗಿಂಡಿಯ ವೈರ್‌ಲೆಸ್ ಸೆಟ್ ಕಾರ್ಖಾನೆಯೊಂದರಲ್ಲಿ ಬೆಸುಗೆಯ ಬೆಂಚು ಸಿಕ್ಕಿತು. ಕಾರ್ಖಾನೆ ಮುಚ್ಚುವವರೆಗೆ ಹತ್ತೊಂಬತ್ತು ವರ್ಷ ಅಲ್ಲೇ ಕೂತರು. ಅಲ್ಲಿ ಕಲಿತದ್ದು ಎರಡು: ಬೆಸುಗೆ ಹೊಳೆಯಬೇಕು, ಮಾಡಿದ ಕೆಲಸವನ್ನು ಅದೇ ದಿನ ಪುಸ್ತಕದಲ್ಲಿ ಬರೆಯಬೇಕು. ಅಮ್ಮಣ್ಣಿ ಕನ್ನಡದಲ್ಲಿ ಬರೆದರು. ಪಕ್ಕದ ಬೆಂಚಿನವರು ಇಣುಕಿದರೆ ಅವರಿಗೆ ಜಿಲೇಬಿ ಕಾಣಲಿ ಎಂದು.

ಚೆನ್ನೈಯ ಕನ್ನಡಿಗರಿಗೆಲ್ಲ ಈ ಚಟವಿದೆ. ಬಸ್ಸಿನಲ್ಲಿ ಎದುರಿನ ಸೀಟಿನವರ ಸೀರೆಯ ಬಗ್ಗೆ, ಮದುವೆ ಮನೆಯಲ್ಲಿ ಹುಡುಗನ ಮೂಗಿನ ಬಗ್ಗೆ, ಮಾಲೀಕನ ಮುಂದೆಯೇ ಬಾಡಿಗೆಯ ಬಗ್ಗೆ ನಿರ್ಭಯವಾಗಿ ಮಾತಾಡುತ್ತೇವೆ. ಕನ್ನಡ ನಮಗಿಲ್ಲಿ ಭಾಷೆಗಿಂತ ಹೆಚ್ಚಾಗಿ ಬೀಗ. ಅಮ್ಮಣ್ಣಿಯವರ ಬೀಗವನ್ನು ಮೂವತ್ತು ವರ್ಷ ಯಾರೂ ಮುರಿದಿರಲಿಲ್ಲ.

ಕಾರ್ಖಾನೆ ಹೋದ ಮೇಲೆ ಕೆಲವು ವರ್ಷ ಮನೆಯಲ್ಲೇ ಮಿಕ್ಸಿ ರಿಪೇರಿ. ಆಮೇಲೆ ಸಿಕ್ಕಿದ್ದು ಶೋಳಿಂಗನಲ್ಲೂರಿನ 'ಮರಳಿ ಮರೀನ್'. ಸಮುದ್ರದಲ್ಲಿ ಕಳೆದುಹೋದ ಮೀನುಬಲೆಗಳನ್ನು ಹುಡುಕಿ ಎತ್ತುವ ಉಪಕರಣ ಮಾಡುವ ಪುಟ್ಟ ಕಂಪನಿ. ಒಡೆಯ ಅಭಿಲಾಷ್, ಮೈಸೂರಿನವನು, ಮೂವತ್ತೆರಡು ವರ್ಷ. ಕಂಪನಿಗೆ ಕನ್ನಡದ ಹೆಸರಿಟ್ಟದ್ದು ಅವನ ಹೆಮ್ಮೆ. "ಮಾತಾಡ್ತೀನಿ ಆಂಟಿ, ಬಟ್ ಓದೋಕೆ ಬರಲ್ಲ" ಎಂದು ಮೊದಲ ದಿನವೇ ಹೇಳಿದ, ಕಾಫಿಗೆ ಸಕ್ಕರೆ ಬೇಡ ಎನ್ನುವ ಧಾಟಿಯಲ್ಲಿ. ಅದು ಸುಳ್ಳಲ್ಲ. ಬಾಗಿಲಿನ ಕನ್ನಡ ಬೋರ್ಡು ಮೂರು ತಿಂಗಳಿಂದ ತಲೆಕೆಳಗಾಗಿ ನಿಂತಿತ್ತು. ಅಮ್ಮಣ್ಣಿ ಕೆಲಸಕ್ಕೆ ಸೇರಿ ಮಾಡಿದ ಮೊದಲ ಕೆಲಸ ಅದನ್ನು ತಿರುಗಿಸಿದ್ದು.

ಉಪಕರಣ ಉದ್ದಿನ ವಡೆಯ ಗಾತ್ರದ್ದು. ಒಳಗೆ ಬ್ಯಾಟರಿ ಮತ್ತು ಬೆಸುಗೆ ಹಾಕಿದ ತಟ್ಟೆ, ಸುತ್ತಲೂ ನೀರು ಹೋಗದ ಅಂಟಿನ ಎರಕ. ಟ್ಯಾಗ್ ಎನ್ನುತ್ತಾರೆ. ಬಲೆಯ ಹಗ್ಗಕ್ಕೆ ಕಟ್ಟಿದರೆ ಎರಡು ವರ್ಷ ತೆಪ್ಪಗಿರುತ್ತದೆ. ಬಲೆ ಕಳೆದುಹೋದರೆ ದೋಣಿಯಲ್ಲಿ ಹೋಗಿ, ನೀರಿಗೆ ಒಂದು ಮೈಕು ಇಳಿಬಿಟ್ಟು, ಆ ಟ್ಯಾಗಿನ ನಂಬರನ್ನು ಶಬ್ದವಾಗಿ ಕೂಗಬೇಕು. ತನ್ನ ನಂಬರು ಕೇಳಿದರೆ ಮಾತ್ರ ಅದು ತಳದಿಂದ 'ಟಿಕ್' ಎನ್ನುತ್ತದೆ. ಎಷ್ಟು ದೂರ, ಯಾವ ದಿಕ್ಕು ಎಂದು ಮೈಕಿಗೆ ಜೋಡಿಸಿದ ಡಬ್ಬಿ ತೋರಿಸುತ್ತದೆ. ಆಮೇಲೆ ಕೊಂಡಿಗಳನ್ನು ಇಳಿಬಿಟ್ಟು ಎಳೆಯುವುದು. ಆ ಕೊಂಡಿಗಳ ಗೊಂಚಲನ್ನು ಕಂಡ ದಿನ ಅಮ್ಮಣ್ಣಿ ಜೋರಾಗಿ ನಕ್ಕಿದ್ದರು. "ಇದು ನಮ್ಮ ಪಾತಾಳಗರಡಿ ಅಲ್ವಾ? ಬಾವಿಗೆ ಬಿದ್ದ ಬಿಂದಿಗೆ ತೆಗೆಯೋದು! ಇದಕ್ಕೆ ನೀವು ಪೇಟೆಂಟ್ ತಗೊಂಡಿದ್ದೀರಾ ಸಾರ್?"

ತೊಡಕೆಂದರೆ, ಕೂಗು ಕೇಳಿಸಬೇಕಾದರೆ ದೋಣಿ ಅರ್ಧ ಕಿಲೋಮೀಟರಿನೊಳಗೆ ಹೋಗಬೇಕು. ಸಮುದ್ರ ಅದಕ್ಕಿಂತ ಸ್ವಲ್ಪ ದೊಡ್ಡದು. ಬಲೆ ಎಲ್ಲಿ ಹೋಯಿತೆಂದು ಕಳೆದುಕೊಂಡವರೇ ಹೇಳಬೇಕು. ಅದಕ್ಕೆಂದೇ ಅಭಿಲಾಷ್ ಒಂದು ಆ್ಯಪ್ ಮಾಡಿಸಿದ. ಫೋನಿನ ನಕ್ಷೆಯ ಮೇಲೆ ಸೂಜಿಯನ್ನು ಎಳೆದು ಚುಚ್ಚಿದರಾಯಿತು. ಚುಚ್ಚಿದ್ದೆಲ್ಲ ಕಂಪನಿಯ ವೆಬ್‌ಸೈಟಿನಲ್ಲಿ ಕೆಂಪು ಚುಕ್ಕೆಯಾಗಿ ಲೋಕಕ್ಕೆಲ್ಲ ಕಾಣುತ್ತಿತ್ತು.

ಆರು ತಿಂಗಳಲ್ಲಿ ನಲವತ್ತೊಂದು ಚುಕ್ಕೆ. ಕಂಪನಿಯ ದೋಣಿ ಇಪ್ಪತ್ತಾರು ಕಡೆ ಹೋಗಿ ಕೂಗಿ ಬಂತು. ಒಂದೂ ಟಿಕ್ ಇಲ್ಲ. ಉಳಿದ ಹದಿನೈದು ಕಡೆಗೆ ದೋಣಿ ಹೋಗುವ ಹಾಗೇ ಇರಲಿಲ್ಲ. ಒಂದು ಬಲೆ ಮಾಧವರಂ ಹಾಲಿನ ಡೇರಿಯೊಳಗೆ ಕಳೆದಿತ್ತು. ಇನ್ನೊಂದು ವೇಲಚೇರಿ ರೈಲು ನಿಲ್ದಾಣದಲ್ಲಿ.

"ಪಾಪ, ಡಿಜಿಟಲ್ ಲಿಟರಸಿ ಇಲ್ಲ ಆಂಟಿ. ಒಂದು ವರ್ಕ್‌ಶಾಪ್ ಮಾಡೋಣ" ಎಂದ ಅಭಿಲಾಷ್.

"ಸಾರ್, ದಡ ಕಾಣದ ಜಾಗದಿಂದ ನೆಟ್ಟಗೆ ಮನೆ ಬಾಗಿಲಿಗೆ ಬಂದು ಇಳಿಯೋ ಜನ, ಫೋನಲ್ಲಿ ಮಾತ್ರ ಹಾಲಿನ ಡೇರಿಗೆ ಹೋಗ್ತಾರಾ? ಗೊತ್ತಿಲ್ದೆ ಮಾಡಿಲ್ಲ. ಗೊತ್ತಿದ್ದೇ ಮಾಡವ್ರೆ."

"ಯಾಕೆ?"

"ಅದನ್ನ ಅಲ್ಲಿ ಹೋಗಿ ಕೇಳ್ಬೇಕು. ಎ.ಸಿ.ಲಿ ಕೂತ್ಕೊಂಡು ಕೇಳಿದ್ರೆ ಎ.ಸಿ. ಸದ್ದು ಕೇಳುತ್ತೆ."

ಶೋಳಿಂಗನಲ್ಲೂರಿನಿಂದ ಸಮುದ್ರದ ಕಡೆ ತಿರುಗಿದರೆ ಒಂದು ಕುಪ್ಪಂ, ಮೀನುಗಾರರ ಕೇರಿ. ಟ್ಯಾಗು ಕಟ್ಟುವ ನೆಪದಲ್ಲಿ ಅಮ್ಮಣ್ಣಿ ವಾರಕ್ಕೆರಡು ದಿನ ಅಲ್ಲಿಗೆ ಹೋಗತೊಡಗಿದರು. ಬಲೆ ಹೆಣೆಯುವ ತಗಡಿನ ಚಪ್ಪರದಲ್ಲಿ ದೇಸಿಂಗು ಸಿಕ್ಕಿದರು. ಅರವತ್ತು ದಾಟಿದವರು, ಮಾತು ಕಡಿಮೆ, ಕಾಲಿನ ಹೆಬ್ಬೆರಳಿಗೆ ಬಲೆ ಸಿಕ್ಕಿಸಿಕೊಂಡು ಹೆಣೆಯುತ್ತ ಕೂರುವವರು. ಅವರ ಹೆಂಡತಿ ಅಂಜಲೈ ಮೀನು ಮಾರುವವರು, ಇಬ್ಬರ ಪಾಲಿನ ಮಾತನ್ನೂ ಅವರೇ ಆಡುತ್ತಾರೆ. ಒಂದು ತಿಂಗಳು ಅಮ್ಮಣ್ಣಿ ಏನನ್ನೂ ಕೇಳಲಿಲ್ಲ. ಗಂಟು ಹಾಕುವುದು ಕಲಿತರು. ಅವರ ಗಂಟು ನೋಡಿ ದೇಸಿಂಗು ಒಂದು ದಿನ, "ತಂಗಚ್ಚಿ ಕೈ ಸುಳ್ಳು ಹೇಳೋ ಕೈಯಲ್ಲ" ಎಂದರು ತಮಿಳಿನಲ್ಲಿ. ಆಗ ಅಮ್ಮಣ್ಣಿ ಕೇಳಿದರು: "ಅಣ್ಣೇ, ಮಾಧವರಂ ಡೇರಿಯಲ್ಲಿ ಬಲೆ ಬೀಸಿದೋರು ಯಾರು?"

ಚಪ್ಪರದಲ್ಲಿದ್ದವರೆಲ್ಲ ನಕ್ಕರು. ದೇಸಿಂಗು ನಗಲಿಲ್ಲ. "ನಿಮ್ಮ ಸಾರು ಮನೆ ಬೀಗದಕೈ ಎಲ್ಲಿಡ್ತಾರೆ ಅಂತ ನಕ್ಷೆ ಹಾಕ್ತಾರಾ?" ಎಂದು ಕೇಳಿದರು.

ವಿಷಯ ಸರಳ. ಬಲೆ ಸುಮ್ಮನೆ ಕಳೆದುಹೋಗುವುದಿಲ್ಲ, ತಳದ ಬಂಡೆಗೆ ಸಿಕ್ಕಿ ಹರಿಯುತ್ತದೆ. ಬಂಡೆಯಿದ್ದಲ್ಲಿ ಮೀನು. ಆ ಬಂಡೆಸಾಲಿಗೆ ಅವರ ಮಾತಿನಲ್ಲಿ ಪಾರ್. (ಬಾರ್ ಅಲ್ಲ, ಆದರೆ ಗೊತ್ತಾದರೆ ಜನ ಮುಗಿಬೀಳುವುದು ಹಾಗೆಯೇ.) ಒಂದೊಂದು ಮನೆಗೆ ಒಂದೊಂದು ಪಾರ್ ಗೊತ್ತಿರುತ್ತದೆ, ಅಪ್ಪ ಮಗನಿಗೆ ತೋರಿಸಿದ್ದು, ಅಳಿಯನಿಗೂ ಹೇಳದ್ದು. ಗುರುತು ಕಡಲಲ್ಲಿಲ್ಲ, ದಡದಲ್ಲಿದೆ. ದೋಣಿಯಿಂದ ನೋಡಿದರೆ ಇಂಥ ಗುಡಿಯ ಗೋಪುರ ಇಂಥ ನೀರಿನ ಟ್ಯಾಂಕಿನ ನೆತ್ತಿಯ ಮೇಲೆ ಕೂತಾಗ ಒಂದು ಗೆರೆ. ಇಂಥ ಫೋನ್ ಟವರು ಇಂಥ ಕಟ್ಟಡದ ಮೂಲೆ ಮುಟ್ಟಿದಾಗ ಇನ್ನೊಂದು ಗೆರೆ. ಎರಡೂ ಸೇರುವಲ್ಲಿ ಲಂಗರು. ಬಲೆ ಎಲ್ಲಿ ಕಳೆಯಿತೆಂದು ಹೇಳುವುದೂ ಪಾರ್ ಎಲ್ಲಿದೆಯೆಂದು ಹೇಳುವುದೂ ಒಂದೇ. ಅದನ್ನು ಕೆಂಪು ಚುಕ್ಕೆ ಇಟ್ಟು ಲೋಕಕ್ಕೆ ತೋರಿಸಿ ಎಂದು ಕೇಳಿದವರಿಗೆ ಅವರು ಹಾಲಿನ ಡೇರಿ ತೋರಿಸಿದ್ದು ದೊಡ್ಡ ಮರ್ಯಾದೆಯೇ.

ಆಮೇಲೆ ದೇಸಿಂಗು ತಮ್ಮ ಸಂಕಟ ಹೇಳಿದರು. ಮೂರು ವಾರದ ಹಿಂದೆ ಅವರದೇ ಬಲೆ ಅವರದೇ ಪಾರಿಗೆ ಸಿಕ್ಕಿ ಹೋಗಿತ್ತು, ಅಮ್ಮಣ್ಣಿ ಕಟ್ಟಿದ ಟ್ಯಾಗಿನ ಸಮೇತ. "ನಮ್ಮಪ್ಪನ ಕಾಲದ್ದು ಹತ್ತಿ ಬಲೆ. ಸಿಕ್ಕಿಕೊಂಡ್ರೆ ಕೊಳೆತು ಹೋಗ್ತಿತ್ತು. ಇದು ನೈಲಾನ್. ನಾನು ಸತ್ತರೂ ಇದು ಸಾಯಲ್ಲ. ಮೀನು ಬಂದು ಸಿಕ್ಕುತ್ತೆ, ಅದನ್ನ ತಿನ್ನೋಕೆ ಏಡಿ ಬಂದು ಸಿಕ್ಕುತ್ತೆ, ಅದನ್ನ ತಿನ್ನೋಕೆ ಇನ್ನೊಂದು. ನನ್ನ ಪಾರನ್ನ ನನ್ನ ಬಲೇನೇ ತಿಂತಾ ಇದೆ."

ಹೇಳಿದರೆ ಪಾರ್ ಊರಿನ ಪಾಲು. ಹೇಳದಿದ್ದರೆ ಬಲೆಯ ಪಾಲು.

"ನಂಗೆ ಮಾತ್ರ ಹೇಳಿ ಅಣ್ಣೇ. ಕಂಪನಿಗಲ್ಲ."

"ಯಾವ ನಂಬಿಕೆ ಮೇಲೆ?"

ಅಮ್ಮಣ್ಣಿಗೆ ತವರಿನ ಕೊಟ್ಟಿಗೆಯ ತೊಲೆ ನೆನಪಾಯಿತು. ಬೀದಿಗೆಲ್ಲ ಒಂದೇ ಪಾತಾಳಗರಡಿ, ಅದು ಅವರ ಮನೆಯ ಆ ತೊಲೆಗೆ ತೂಗುತ್ತಿತ್ತು. ಯಾರ ಕೊಡ ಬಾವಿಗೆ ಬಿದ್ದರೂ ಅಲ್ಲಿಗೇ ಬರಬೇಕು. ಬಂದವರು ಚೊಂಬನ್ನೋ ಬಿಂದಿಗೆಯನ್ನೋ ಅಡ ಇಟ್ಟು ಒಯ್ಯಬೇಕು. ಸ್ವಂತ ತಮ್ಮನಿಗೂ ಅವರಪ್ಪ ಬರಿಗೈಗೆ ಕೊಟ್ಟವರಲ್ಲ. "ಬೆಲೆಗಲ್ಲ ಕಣವ್ವ, ನೆನಪಿಗೆ. ಬೆಳಿಗ್ಗೆ ಎದ್ದು ಚೊಂಬಿಗೆ ಕೈ ಹಾಕಿದಾಗ ಚೊಂಬಿಲ್ಲದಿದ್ರೆ ನಮ್ಮ ಗರಡಿ ನೆನಪಾಗುತ್ತೆ" ಎನ್ನುತ್ತಿದ್ದರು.

ಇದನ್ನು ಹೇಳಿದಾಗ ಅಂಜಲೈ ಕೈ ತಟ್ಟಿದರು. "ನಮ್ಮೂರಲ್ಲೂ ಹಂಗೇ! ಪಾದಾಳ ಕರಂಡಿಗೆ ಸೊಂಬು ಇಡಬೇಕು!"

ಮಾರನೆಯ ವಾರ ಅಮ್ಮಣ್ಣಿ ತಾಮ್ರದ ಚೊಂಬು ತಂದು ಅವರ ಮನೆಯ ಗೂಡಿನಲ್ಲಿಟ್ಟರು. ಕೊರಳಿನ ಸುತ್ತ ಅಮ್ಮನ ಹೆಸರು, ಪುಟ್ಟಗೌರಮ್ಮ, ಚುಕ್ಕೆ ಚುಕ್ಕೆಯಾಗಿ ಕೆತ್ತಿದ್ದು. ಕರಾರು ಇಷ್ಟೇ: ಬಲೆ ಎತ್ತಿದ ದಿನದಿಂದ ಒಂದು ವರ್ಷ ದೇಸಿಂಗುವಿನ ಪಾರಿನ ಮೇಲೆ ಬೇರೆ ಒಂದೂ ದೋಣಿ ನಿಲ್ಲಬಾರದು. ನಿಲ್ಲದಿದ್ದರೆ ಚೊಂಬು ವಾಪಸ್. ತಮ್ಮಯ್ಯನವರು ಮೂವತ್ತು ವರ್ಷ ಬೆಳಗಿನ ಬಿಸಿನೀರು ಕುಡಿದದ್ದು ಆ ಚೊಂಬಿನಲ್ಲಿ. ಸ್ಟೀಲ್ ಲೋಟ ಕೈಗೆ ಬಂದಾಗ, "ಏನೇ, ನನ್ನ ಚೊಂಬು ಸಮುದ್ರಕ್ಕೆ ಬಿತ್ತಾ?" ಎಂದು ಕೇಳಿದರು. "ಬೀಳದ ಹಾಗೆ ನೋಡ್ಕೋತೀನಿ" ಎಂದರು ಅಮ್ಮಣ್ಣಿ.

ದೇಸಿಂಗು ಗುರುತುಗಳನ್ನು ಹೇಳಿದರು. ಒಂದು ಬೆಳಿಗ್ಗೆ ಮೂವರು ಹೊರಟರು: ಅಮ್ಮಣ್ಣಿ, ದೇಸಿಂಗು, ಅದೇ ಅಪ್ಪನಿಂದ ಪಾರ್ ಕಲಿತಿದ್ದ ಅವರ ಅಣ್ಣ. ಫೋನುಗಳು ಜಾಗ ಬರೆದಿಟ್ಟುಕೊಳ್ಳುತ್ತವೆ ಎಂದು ಮೂರನ್ನೂ ಅಂಜಲೈಯವರ ಅಕ್ಕಿ ಡಬ್ಬದಲ್ಲಿ ಹೂತರು. ಗೋಪುರ ಟ್ಯಾಂಕಿನ ನೆತ್ತಿಗೆ ಬಂತು, ಟವರು ಕಟ್ಟಡದ ಮೂಲೆ ಮುಟ್ಟಿತು. ಅಮ್ಮಣ್ಣಿ ವಾಂತಿ ಮಾಡಿ, ಬಾಯಿ ತೊಳೆದು, ಮೈಕು ಇಳಿಬಿಟ್ಟು ನಂಬರು ಕೂಗಿದರು. ಏನಿಲ್ಲ. ಮತ್ತೆ ಕೂಗಿದರು.

ಟಿಕ್.

ಐವತ್ತೈದನೇ ವಯಸ್ಸಿನಲ್ಲಿ, ತಾನು ಬೆಸೆದ ವಡೆಯೊಂದು ಕಡಲ ತಳದಿಂದ ತನಗೆ ಉತ್ತರ ಕೊಟ್ಟಾಗ ಏನನಿಸಿತು ಎಂದು ಕೇಳಿದರೆ ಅಮ್ಮಣ್ಣಿ ಈಗಲೂ, "ಬೆಸುಗೆ ಸರಿಯಾಗಿತ್ತು" ಎಂದಷ್ಟೇ ಹೇಳುತ್ತಾರೆ. ಗರಡಿ ಇಳಿಯಿತು. ಎರಡು ಗಂಟೆ ಎಳೆದಾಟ. ಬಲೆ ಬಂತು: ಕೊಳೆತ ಮೀನು, ಬರೀ ಕವಚವಾಗಿದ್ದ ಏಡಿಗಳು, ಒಂದು ಆಮೆಯ ಚಿಪ್ಪು. ದೇಸಿಂಗು ಚಿಪ್ಪಿನಿಂದ ದಾರ ಬಿಡಿಸಿ, ಅದನ್ನು ಎರಡು ಕೈಯಲ್ಲಿ ಹಿಡಿದು ನೀರಿಗೆ ಬಿಟ್ಟರು. ವಾಸನೆಗೆ ಮೂವರ ಕಣ್ಣಲ್ಲೂ ನೀರು. ವಾಸನೆಗೆ ಎಂದೇ ಇಟ್ಟುಕೊಳ್ಳೋಣ.

ಅಂದು ಸಂಜೆ ಆಫೀಸಿನಲ್ಲಿ ಅಮ್ಮಣ್ಣಿ ತಪ್ಪು ಮಾಡಿದರು. ಹತ್ತೊಂಬತ್ತು ವರ್ಷದ ಅಭ್ಯಾಸ, ಕೈ ತಾನೇ ಬರೆಯಿತು. ತಾರೀಕು, ಟ್ಯಾಗಿನ ನಂಬರು, ಎಷ್ಟನೇ ಕೂಗಿಗೆ ಉತ್ತರ, ಜಾಗ: ಗೋಪುರ, ಟ್ಯಾಂಕು, ಟವರು, ಕಟ್ಟಡ. ಎಲ್ಲ ಕನ್ನಡದಲ್ಲಿ. ಬರೆದು, ಬೀಗ ಹಾಕಿದ ಸಮಾಧಾನದಲ್ಲಿ ಮನೆಗೆ ಬಂದರು. ಆಫೀಸಿನಲ್ಲಿ ಕನ್ನಡ ಬಲ್ಲವನು ಒಬ್ಬನೇ, ಅವನಿಗೆ ಓದಲು ಬಾರದು.

ಅಭಿಲಾಷನಿಗೆ ಕಂಪನಿಯ ಮೊದಲ ಬಲೆ ಸಿಕ್ಕಿದ್ದು ಹಬ್ಬವಾಯಿತು. "ಲೊಕೇಶನ್ ಎಲ್ಲಿ ಆಂಟಿ?" ಎಂದ.

"ಹೇಳೋ ಹಾಗಿಲ್ಲ ಸಾರ್. ಮಾತು ಕೊಟ್ಟಿದೀನಿ."

"ಸರಿ ಸರಿ" ಎಂದ. ಅವನ 'ಸರಿ ಸರಿ' ಎರಡು ಸಲ ಬಂದರೆ ಒಂದೂ ಸರಿಯಲ್ಲ ಎಂದು ಅಮ್ಮಣ್ಣಿಗೆ ಗೊತ್ತಿರಲಿಲ್ಲ.

ಒಂಬತ್ತನೆಯ ದಿನ ಮಧ್ಯಾಹ್ನ ಬೆಂಚಿನ ಮೇಲೆ ಅವರ ಫೋನು ಹೊಡೆದುಕೊಂಡಿತು. ಅಂಜಲೈ. ಕಿರುಚಲಿಲ್ಲ, ಅದೇ ಭಯವಾಯಿತು. "ಪಾರಿನ ಮೇಲೆ ಹದಿನೇಳು ದೋಣಿ ನಿಂತಿದೆ. ಕೆಲವು ಎಲ್ಲಿಯವೋ ನಮಗೆ ಗೊತ್ತೇ ಇಲ್ಲ. ಫೋನಲ್ಲಿ ನೋಡಿ ಬಂದ್ವಿ ಅಂತಾರೆ."

ಅಮ್ಮಣ್ಣಿ ವೆಬ್‌ಸೈಟು ತೆರೆದರು. ನಲವತ್ತೊಂದು ಕೆಂಪು ಚುಕ್ಕೆಗಳ ನಡುವೆ ಒಂದು ಹಸಿರು ನಕ್ಷತ್ರ. ಕೆಳಗೆ ಬರೆದಿತ್ತು: ನಮ್ಮ ಮೊದಲ ಯಶಸ್ಸು.

ಅವರು ಅಭಿಲಾಷನ ಕೋಣೆಗೆ ಹೋದದ್ದನ್ನು ನಡೆದದ್ದು ಎನ್ನಲಾಗದು. "ಎಲ್ಲಿಂದ ಬಂತು ಇದು?"

"ಆಂಟಿ, ಕೂತ್ಕೊಳ್ಳಿ."

"ನಿಂತೇ ಕೇಳ್ತೀನಿ. ಎಲ್ಲಿಂದ ಬಂತು?"

ಅವನಿಗೆ ಮುಚ್ಚಿಡುವಂಥದ್ದೆಂದು ಅನಿಸಿಯೇ ಇರಲಿಲ್ಲ. ಊಟದ ಹೊತ್ತಿನಲ್ಲಿ ಪುಸ್ತಕದ ಪುಟದ ಫೋಟೋ ತೆಗೆದು ಮೈಸೂರಿಗೆ, ಶಾಲೆಯ ನಿವೃತ್ತ ಮೇಡಂ ಆದ ತನ್ನಮ್ಮನಿಗೆ ಕಳಿಸಿದ್ದ. ಮಗ ಕನ್ನಡ ಕಲಿಯುತ್ತಿದ್ದಾನೆಂದು ಹಿಗ್ಗಿದ ಆ ತಾಯಿ ಪುಟವನ್ನು ಸ್ಪಷ್ಟ ಉಚ್ಚಾರಣೆಯಲ್ಲಿ, ಅಲ್ಪಪ್ರಾಣ ಮಹಾಪ್ರಾಣ ತಪ್ಪದೆ, ಓದಿ ಧ್ವನಿ ಕಳಿಸಿದ್ದರು. ಉಳಿದದ್ದು ಉಪಗ್ರಹದ ನಕ್ಷೆಯ ಮೇಲೆ ಎರಡು ಗೆರೆ ಎಳೆಯುವ ಕೆಲಸ. "ನಿಮ್ಮ ಕೈಬರಹ ಸೂಪರ್ ಅಂತೆ ಆಂಟಿ. ಅಮ್ಮ ಹೇಳಿದ್ರು."

ಅಮ್ಮಣ್ಣಿ ಅವನನ್ನು ಸಾಮಾನ್ಯವಾಗಿ ಸಾರ್ ಎನ್ನುತ್ತಾರೆ, ಬೇಸರವಾದರೆ ಅಭಿಲಾಷ್. ಅಂದು ಇನ್ನೂ ಕೆಳಗಿನ ಮೆಟ್ಟಿಲಿಗೆ ಇಳಿದರು. "ನಿಂಗೆ ನಾಚಿಕೆ ಆಗಲ್ವೇನೋ? ಒಬ್ಬರ ಅನ್ನದ ತಟ್ಟೆನ ತಗೊಂಡೋಗಿ ಬಸ್ ಸ್ಟ್ಯಾಂಡಲ್ಲಿ ಇಟ್ಟು ಬಂದಿದೀಯಲ್ಲೋ!"

"ಆಂಟಿ, ಪ್ಲೀಸ್. ಡೇಟಾ ಓಪನ್ ಇರ್ಬೇಕು. ಫಂಡಿಂಗ್ ಕೊಡೋರು ಟ್ರಾನ್ಸ್‌ಪರೆನ್ಸಿ ಕೇಳ್ತಾರೆ. ಸಮುದ್ರ ಎಲ್ಲರದ್ದೂ ಅಲ್ವಾ?"

"ಸಮುದ್ರ ಎಲ್ಲರದ್ದು. ನನ್ನ ಪುಸ್ತಕ ಎಲ್ಲರದ್ದಾ? ಆಯ್ತು, ಇವತ್ತೇ ಆ ನಕ್ಷೆ ತೆಗಿ."

"ಮುಂದಿನ ತಿಂಗಳು ಅವರು ಮುಂಬೈಯಿಂದ ಬರ್ತಿದಾರೆ. ಈಗ ತೆಗೆಯೋಕೆ ಆಗಲ್ಲ."

ಈ ಟ್ರಾನ್ಸ್‌ಪರೆನ್ಸಿ ಎಂಬ ಪದದ ಬಗ್ಗೆ ನನಗೂ ಸಿಟ್ಟಿದೆ. ನನ್ನ ಕಾನ್ವೆಂಟಿನ ಸಿಸ್ಟರುಗಳು ಅದನ್ನು ಗಾಜಿನ ಗುಣವೆಂದು ಕಲಿಸಿದ್ದರು. ಈಗ ನೋಡಿದರೆ ಗಾಜು ಯಾವಾಗಲೂ ಬಡವರ ಮನೆಯ ಗೋಡೆಗೇ. ಮರಳಿ ಮರೀನಿನ ಸಂಬಳ ಗುಟ್ಟು, ಟ್ಯಾಗಿನ ವಿನ್ಯಾಸ ಗುಟ್ಟು, ಮುಂಬೈಯವರ ಜೊತೆಗಿನ ಒಪ್ಪಂದ ಗುಟ್ಟು. ದೇಸಿಂಗು ಅಪ್ಪನಿಂದ ಕಲಿತದ್ದು ಮಾತ್ರ ಡೇಟಾ.

ಅಮ್ಮಣ್ಣಿ ಕುಪ್ಪಂಗೆ ಹೋದರು. ದೇಸಿಂಗು ಚಪ್ಪರದಲ್ಲಿದ್ದರು. ಬೈಯಲಿಲ್ಲ. ಬೈದಿದ್ದರೆ ಅಮ್ಮಣ್ಣಿಗೆ ಎಷ್ಟೋ ಸುಖವಿತ್ತು. ಪುಸ್ತಕ, ಫೋಟೋ, ಮೈಸೂರಿನ ತಾಯಿ, ಎಲ್ಲವನ್ನೂ ಕೇಳಿಸಿಕೊಂಡು, ಹೆಬ್ಬೆರಳಿನ ಬಲೆಯಿಂದ ತಲೆಯೆತ್ತದೆ ಒಂದೇ ಪ್ರಶ್ನೆ ಕೇಳಿದರು. "ಬರೆದಿದ್ದು ಯಾಕೆ ತಂಗಚ್ಚಿ?"

ಅಭಿಲಾಷ್ ಕದ್ದದ್ದು ನಿಜ. ಆದರೆ ಕದಿಯಲು ಮೇಜಿನ ಮೇಲೆ ಇಟ್ಟದ್ದು ಯಾರು? ಮನೆಗೆ ಹೋಗುವ ಬಸ್ಸಿನಲ್ಲಿ ಅಮ್ಮಣ್ಣಿ ತಮ್ಮನ್ನೇ ಕನ್ನಡದಲ್ಲಿ ಬೈದುಕೊಂಡರು, ಸಾಕಷ್ಟು ಜೋರಾಗಿ. ಪಕ್ಕದ ಸೀಟಿನವರು ಜಾಗ ಬದಲಿಸಿದರು.

ಆ ತಿಂಗಳು ಅವರು ಬೆಂಚು ಬಿಟ್ಟು ಏಳಲಿಲ್ಲ. ನೂರು ಹೊಸ ಟ್ಯಾಗು ಆಗಬೇಕಿತ್ತು, ಮಾಡಿದರು. ಟ್ಯಾಗಿನ ನಂಬರನ್ನು ತಟ್ಟೆಯ ಮೇಲೆ ಸಣ್ಣ ಸಣ್ಣ ಬೆಸುಗೆಯ ಸೇತುವೆಗಳಿಂದ ಕೂರಿಸಬೇಕು, ಅದು ಅವರದೇ ಕೆಲಸ. ಮೇಲೆ ಅಂಟು ಎರೆದ ಮೇಲೆ ಒಡೆಯದೆ ಯಾರಿಗೂ ಕಾಣದು. ಕಂಪ್ಯೂಟರಿನ ಪಟ್ಟಿಯಲ್ಲಿ ಅಭಿಲಾಷ್ ಕೊಟ್ಟ ನಂಬರುಗಳಿದ್ದವು. ಟ್ಯಾಗುಗಳೊಳಗೆ ಬೇರೆ ಇದ್ದವು. ಒಬ್ಬೊಬ್ಬ ಮೀನುಗಾರನಿಗೆ ಟ್ಯಾಗು ಕಟ್ಟಿಕೊಡುವಾಗ ಅವನ ನಂಬರನ್ನು ಅವನ ಕಿವಿಯಲ್ಲಿ ಹೇಳಿದರು. ಒಂದನ್ನು ಮಾತ್ರ ಯಾರಿಗೂ ಹೇಳಲಿಲ್ಲ. ಈ ಸಲ ಎಲ್ಲಿಯೂ ಬರೆಯಲಿಲ್ಲ.

ಮುಂಬೈಯಿಂದ ಮೂವರು ಬಂದರು. ಬಿಳಿ ಟೋಪಿ, ಹೊಸ ಲೈಫ್ ಜಾಕೆಟ್. ಹಿಂದಿನ ದಿನವೇ ಒಂದು ಹಳೆ ಬಲೆಗೆ ಟ್ಯಾಗು ಕಟ್ಟಿ, ದಡದಿಂದ ಮೂರು ಕಿಲೋಮೀಟರ್ ದೂರದಲ್ಲಿ ಮುಳುಗಿಸಿ ಬಂದಿದ್ದರು. ಅದನ್ನು ಅತಿಥಿಗಳ ಮುಂದೆ 'ಹುಡುಕುವುದು' ಕಾರ್ಯಕ್ರಮ. ಬೆಳಿಗ್ಗೆ ಹತ್ತಕ್ಕೆ ದೋಣಿ ನಿಂತಿತು. ಅಭಿಲಾಷ್ ಇಂಗ್ಲಿಷಿನಲ್ಲಿ ಹತ್ತು ನಿಮಿಷ ಸಮುದ್ರಕ್ಕೆ ಸಾಂತ್ವನ ಹೇಳಿ, ಮೈಕು ಇಳಿಬಿಟ್ಟು ಗುಂಡಿ ಒತ್ತಿದ.

ಸಮುದ್ರ ಸುಮ್ಮನಿತ್ತು.

ಮತ್ತೆ ಒತ್ತಿದ. ದೋಣಿಯನ್ನು ಆಚೀಚೆ ಸರಿಸಿದರು. ಅತಿಥಿಗಳಲ್ಲಿ ಒಬ್ಬರು ದೋಣಿಯ ಅಂಚು ಹಿಡಿದು ಕಕ್ಕತೊಡಗಿದರು. ಅಭಿಲಾಷ್ ಹಲ್ಲು ಕಾಣುವ ಹಾಗೆ ನಗುತ್ತಾ, ಮುಂಬೈಯವರಿಗೆ ತಿಳಿಯದಿರಲೆಂದು ಕನ್ನಡಕ್ಕೆ ಇಳಿದ. "ಆಂಟಿ, ಏನಾಯ್ತು?"

ಅಮ್ಮಣ್ಣಿಯೂ ನಗುತ್ತಲೇ ಉತ್ತರಿಸಿದರು. ಬೀಗ ಮತ್ತೆ ಕೆಲಸಕ್ಕೆ ಬಂದಿತ್ತು. "ಏನೂ ಆಗಿಲ್ಲ. ಟ್ಯಾಗು ಚೆನ್ನಾಗಿದೆ. ನಂಬರು ಬೇರೆ ಇದೆ."

"ವಾಟ್? ಹೇಳಿ ಬೇಗ!"

"ನಕ್ಷೆ ತೆಗಿ. ಚುಕ್ಕೆ, ನಕ್ಷತ್ರ, ಎಲ್ಲಾ. ಈಗ, ನನ್ನ ಎದುರಿಗೆ."

"ಇಲ್ಲೇನಾ? ಈಗ್ಲೇನಾ? ಆಂಟಿ, ದಿಸ್ ಈಸ್ ಬ್ಲ್ಯಾಕ್‌ಮೇಲ್."

"ಹೌದು ಕಣಪ್ಪ. ನಿನ್ನ ಹಾಗೆ ಓಪನ್ನಾಗಿ ಮಾಡ್ತಿದೀನಿ."

"ನಂಬರ್ ನಾನೇ ಹುಡುಕ್ತೀನಿ!"

"ಹುಡುಕು. ನಾಲ್ಕಂಕಿ. ಒಂದೊಂದನ್ನೂ ಕೂಗಿ, ಕಾದು, ಮುಂದಿಂದು ಕೂಗ್ಬೇಕು. ನಾಳಿದ್ದು ಸಾಯಂಕಾಲಕ್ಕೆ ಮುಗಿಯುತ್ತೆ. ಅಷ್ಟ್ರಲ್ಲಿ ಆ ಟೋಪಿಯವರು ಕರುಳನ್ನೂ ಕಕ್ಕಿರ್ತಾರೆ."

"ಏನಾದರೂ ತೊಂದರೆಯೇ?" ಎಂದು ಟೋಪಿಯವರು ನರಳಾಟದ ನಡುವೆ ಇಂಗ್ಲಿಷಿನಲ್ಲಿ ಕೇಳಿದರು. "ಕ್ಯಾಲಿಬ್ರೇಷನ್" ಎಂದ ಅಭಿಲಾಷ್. ಚುಕ್ಕಾಣಿ ಹಿಡಿದಿದ್ದ ಕುಪ್ಪಂನ ಮನುಷ್ಯನಿಗೆ ಕನ್ನಡ ಬಾರದು, ಆದರೂ ಅವನು ಮುಖ ಆಚೆ ತಿರುಗಿಸಿ ಭುಜ ಕುಲುಕಿಸುತ್ತಿದ್ದ.

ಅಭಿಲಾಷ್ ಫೋನು ತೆಗೆದ. ನಕ್ಷೆ ಹೋಯಿತು. ಅಮ್ಮಣ್ಣಿ ತಮ್ಮ ಫೋನಿನಲ್ಲಿ ತೆರೆದು ನೋಡಿದರು: ಪುಟ ಸಿಗುತ್ತಿಲ್ಲ ಎಂದು ಬಂತು. ಇಷ್ಟು ಚಂದದ ವಾಕ್ಯವನ್ನು ಆ ವೆಬ್‌ಸೈಟು ಹಿಂದೆಂದೂ ಹೇಳಿರಲಿಲ್ಲ. ಆಗ ಅಮ್ಮಣ್ಣಿ ಡಬ್ಬಿಯನ್ನು ಅವನ ಕೈಯಿಂದ ತೆಗೆದುಕೊಂಡು, ತಮ್ಮ ಬೆನ್ನು ಅಡ್ಡ ಹಿಡಿದು, ನಾಲ್ಕು ಅಂಕಿ ಒತ್ತಿದರು.

ಟಿಕ್.

ಅತಿಥಿಗಳು ಚಪ್ಪಾಳೆ ತಟ್ಟಿದರು, ಒಬ್ಬರು ಒಂದು ಕೈಯಲ್ಲಿ.

ಕತೆ ಇಲ್ಲಿಗೆ ನಿಂತರೆ ಎಲ್ಲರಿಗೂ ಸುಖ. ಮಾರನೆಯ ದಿನ ಅಭಿಲಾಷ್ ಕೆಲಸದಿಂದ ತೆಗೆಯುವ ಮಾತೆತ್ತಲಿಲ್ಲ. ನೂರು ನಂಬರುಗಳಿಗೆ ಅವರ ತಲೆಯೇ ಪೆಟ್ಟಿಗೆಯಾಗಿದ್ದರೆ ಹೇಗೆ ತೆಗೆಯುವುದು? ಬದಲಿಗೆ 'ಹೆಡ್ ಆಫ್ ಕಮ್ಯೂನಿಟಿ ಟ್ರಸ್ಟ್' ಎಂಬ ಹುದ್ದೆ ಕೊಡುತ್ತೇನೆಂದ. ಅಮ್ಮಣ್ಣಿಗೆ ಬೈಗುಳಕ್ಕಿಂತ ಇದು ಹೆಚ್ಚು ಉರಿಯಿತು. "ನಂಬಿಕೇನ ಮುರಿದು ಹಾಕಿ, ಅದಕ್ಕೇ ಒಂದು ಬೋರ್ಡ್ ಹಾಕ್ತೀಯಾ? ಅದನ್ನಾದ್ರೂ ನೆಟ್ಟಗೆ ಹಾಕೋಕೆ ಬರುತ್ತಾ ನಿಂಗೆ?" ಎಂದು ಹೇಳಿ ಬೆಂಚಿಗೆ ವಾಪಸಾದರು. ಈಗ ಟ್ಯಾಗಿನ ನಂಬರು ಬಲೆಯವನದೇ. ಬಲೆ ಕಳೆದರೆ ಅವನೇ ಅಮ್ಮಣ್ಣಿಗೆ ಫೋನು ಮಾಡುತ್ತಾನೆ, ಅವನ ದೋಣಿಯಲ್ಲೇ ಹೋಗುತ್ತಾರೆ, ಫೋನುಗಳು ಅಕ್ಕಿಯಲ್ಲಿ. ಈವರೆಗೆ ಹನ್ನೆರಡು ಬಲೆ ಬಂದಿವೆ. ಹಾಲಿನ ಡೇರಿಯಿಂದ ಒಂದೂ ಇಲ್ಲ.

ಆದರೆ ವೆಬ್‌ಸೈಟಿನಿಂದ ಅಳಿಸಿದ ಚುಕ್ಕೆ ಜನರ ತಲೆಯಿಂದ ಅಳಿಯುವುದಿಲ್ಲ. ಕೆಳಗೆ ಬಿದ್ದ ಬಿಂದಿಗೆಯನ್ನು ಮೇಲೆತ್ತುವ ಗರಡಿಯುಂಟು, ಮೇಲೆ ಬಂದ ಗುಟ್ಟನ್ನು ಮತ್ತೆ ಮುಳುಗಿಸುವ ಯಂತ್ರವನ್ನು ಶೋಳಿಂಗನಲ್ಲೂರಿನಲ್ಲಿ ಯಾರೂ ಮಾಡುತ್ತಿಲ್ಲ.

ಕಳೆದ ಭಾನುವಾರ ಅಮ್ಮಣ್ಣಿ ದೇಸಿಂಗುವಿನ ಮನೆಗೆ ಹೋದರು. ಬಲೆ ಎತ್ತಿ ಸರಿಯಾಗಿ ಒಂದು ವರ್ಷ. ಚೊಂಬು ಗೂಡಿನಲ್ಲೇ ಇತ್ತು, ಉಪ್ಪುಗಾಳಿಗೆ ಹಸಿರು ಹಿಡಿದು ಕಪ್ಪಾಗಿತ್ತು. ಪುಟ್ಟಗೌರಮ್ಮನ ಹೆಸರಿನಲ್ಲಿ ಅರ್ಧವೇ ಕಾಣುತ್ತಿತ್ತು.

"ಎಷ್ಟು ದೋಣಿ ಅಣ್ಣೇ ಇವತ್ತು?"

"ಹನ್ನೊಂದು" ಎಂದರು ದೇಸಿಂಗು. ಅವರೀಗ ಮೂರು ಗಂಟೆ ಹೆಚ್ಚು ದೂರ ಹೋಗುತ್ತಾರೆ, ಅಪ್ಪ ತೋರಿಸದ ಕಡಲಿಗೆ. ಗೂಡಿನ ಕಡೆ ಕೈ ತೋರಿಸಿ ಹೇಳಿದರು: "ಸೊಂಬು ತಗೊಂಡು ಹೋಗು ತಂಗಚ್ಚಿ. ಇಟ್ಕೊಂಡು ನಾನೇನು ಮಾಡಲಿ?"

ಅಮ್ಮಣ್ಣಿಗೆ ತಲೆ ಕೆಟ್ಟುಹೋಯಿತು. "ಯಾಕೆ ತಗೊಂಡು ಹೋಗ್ಲಿ? ನಿಮ್ಮ ಪಾರಿನ ಗುಟ್ಟೇ ಗರಡಿ, ಅದನ್ನ ನಾನು ವಾಪಸ್ ಕೊಟ್ಟಿದೀನಾ? ಕೊಡೋಕೆ ಆಗುತ್ತಾ ನನ್ನ ಕೈಲಿ? ಧರ್ಮಕ್ಕೆ ಕೊಡೋಕೆ ನೀವ್ಯಾರು? ನಮ್ಮಪ್ಪ ಸ್ವಂತ ತಮ್ಮನಿಗೂ ಬಿಟ್ಟೋರಲ್ಲ!" ಮೊದಲರ್ಧ ತಮಿಳು, ಉಳಿದದ್ದು ಶುದ್ಧ ನಂಜನಗೂಡು. ಅಂಜಲೈಯ ಕಡೆ ತಿರುಗಿದರು: "ಅಕ್ಕಾ, ಅಡ ಇಟ್ಟ ಪಾತ್ರೇನ ಹಿಂಗಾ ನೋಡ್ಕೊಳ್ಳೋದು? ಹುಣಸೆಹಣ್ಣು ಎಲ್ಲಿ?"

ಅಂಜಲೈ ಮೀನುಸಾರಿಗೆ ನೆನೆಹಾಕಿದ್ದ ಹುಣಸೆಯಲ್ಲಿ ಒಂದು ಮುಷ್ಟಿ ಹಿಂಡಿ ಕೊಟ್ಟರು. ಅಮ್ಮಣ್ಣಿ ಬಾಗಿಲ ಮುಂದಿನ ಕಲ್ಲಿನ ಮೇಲೆ ಕೂತು ತಿಕ್ಕತೊಡಗಿದರು. ಎದುರಿಗೆ ಕಡಲು, ಅದರ ಮೇಲೆ ಹನ್ನೊಂದು ಚುಕ್ಕೆ. ಒಂದೊಂದನ್ನೇ ನೋಡುತ್ತಾ, ಒಂದೊಂದಕ್ಕೂ ಒಂದೊಂದು ಮಾತು ಬೈಯುತ್ತಾ, ತಾಮ್ರ ಕೆಂಪಾಗುವವರೆಗೆ, ಕೆತ್ತಿದ ಚುಕ್ಕೆಗಳಲ್ಲಿ ಅಮ್ಮನ ಹೆಸರು ಪೂರ್ತಿ ಕಾಣುವವರೆಗೆ ತಿಕ್ಕಿದರು. ಆಮೇಲೆ ತೊಳೆದು, ಸೆರಗಿನಲ್ಲಿ ಒರೆಸಿ, ತಂದು ದೇಸಿಂಗುವಿನ ಗೂಡಿನಲ್ಲಿ ಮತ್ತೆ ಇಟ್ಟರು.